ತೇರದಾಳದಲ್ಲಿ ಒಂದು ಟಗರಿನ ತೂಕ

ಫೆಬ್ರವರಿಯ ಬೆಳಗು, ಇನ್ನೂ ಆರೂವರೆ. ತೇರದಾಳದ ಹಾಲಿನ ಡೇರಿಯ ಮುಂದೆ ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬರಣಿ ಹಿಡಿದವರ ಸಾಲು. ಸೆರಗಿನಿಂದ ಕಿವಿ ಮುಚ್ಚಿಕೊಂಡ ಹೆಂಗಸೊಬ್ಬಳು ಎರಡು ಲೀಟರ್ ಎಮ್ಮೆ ಹಾಲು ಸುರಿದಳು. ಹುಡುಗ ಒಂದು ಸಣ್ಣ ಬಟ್ಟಲಲ್ಲಿ ಮಾದರಿ ತೆಗೆದು ಯಂತ್ರದ ನಳಿಗೆ ಹಿಡಿದ. ಒಂದು ನಿಮಿಷವೂ ಆಗಲಿಲ್ಲ, ಫ್ಯಾಟ್ ಇಷ್ಟು, ಜಿಡ್ಡು ಬಿಟ್ಟ ಘನಾಂಶವಾದ ಎಸ್‌ಎನ್‌ಎಫ್ ಇಷ್ಟು ಎಂದು ಅಂಕಿ ಮೂಡಿತು, ಚೀಟಿ ಹೊರಬಂತು.

“ಅಕ್ಕಾ, ನಿನ್ನಿಗಿಂತ ಎರಡ ಪಾಯಿಂಟ್ ಕಡಿಮಿ ಬಂದೈತಿ. ಹಿಂಡಿ ಹಾಕಿಲ್ಲೇನ?”

“ಹೌದೋ ತಮ್ಮಾ. ನಿನ್ನಿ ಬರೇ ಕಬ್ಬಿನ ಸೋಗಿ ಹಾಕೀನಿ.”

ಈ ಎರಡು ಮಾತು ಕೇಳಿಸಿಕೊಳ್ಳಲಿಕ್ಕೆಂದೇ ನಾನು ದಿನವನ್ನು ಇಲ್ಲಿಂದ ಶುರು ಮಾಡಿದ್ದು. ಆಕೆ ಯಂತ್ರದೊಡನೆ ಜಗಳಕ್ಕೆ ನಿಲ್ಲಲಿಲ್ಲ. ಅದು ಹೇಳಿದ್ದು ತನ್ನ ಕೊಟ್ಟಿಗೆಯ ಸಂಗತಿ ಎಂದು ಆಕೆಗೆ ಗೊತ್ತಿತ್ತು. ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಬಹುಶಃ ಇವತ್ತು ಹಿಂಡಿ ಹಾಕುತ್ತಾಳೆ.

ಹಾಲಿಗೆ ಈ ಭಾಗ್ಯ ಸುಮ್ಮನೆ ಬಂದದ್ದಲ್ಲ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದ ಆರಂಭದಲ್ಲಿ ಜಿಡ್ಡಳೆಯುವ ಒಂದು ಸರಳ ವಿಧಾನ ಕಂಡುಹಿಡಿದ. ಗಾಜಿನ ಕೊಳವೆಯಲ್ಲಿ ಗಂಧಕಾಮ್ಲ 10 ಮಿಲಿ, ಹಾಲು 10.75 ಮಿಲಿ, ಅಮೈಲ್ ಆಲ್ಕೋಹಾಲ್ 1 ಮಿಲಿ ಹಾಕಿ ಗರಗರ ತಿರುಗಿಸಿದರೆ ಜಿಡ್ಡು ಮೇಲೇರಿ ಗೆರೆಗಳ ನಡುವೆ ನಿಲ್ಲುತ್ತದೆ, ಓದಿಕೊಂಡರಾಯಿತು. ಹಳ್ಳಿಯ ಸಂಘದ ಕಾರ್ಯದರ್ಶಿ ಕಲಿಯಬಹುದಾದ ಕೆಲಸ ಅದು. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಕೆಎಂಎಫ್ ಆಗಿ, ಹಳ್ಳಿಹಳ್ಳಿಯಲ್ಲಿ ಸಂಘ ಎದ್ದದ್ದರ ಹಿಂದೆ ಈ ಕೊಳವೆಯ ಪಾಲು ದೊಡ್ಡದು. ನೀರು ಬೆರೆಸಿದವರಿಗೂ ಬೆರೆಸದವರಿಗೂ ಒಂದೇ ದರ ಕೊಟ್ಟಿದ್ದರೆ ಯಾವ ಸಂಘವೂ ನಿಲ್ಲುತ್ತಿರಲಿಲ್ಲ. ಬಡ ಹೆಂಗಸಿನ ಒಂದು ತಂಬಿಗೆ ಹಾಲಿಗೆ ಅದರ ಗುಣದ ಬೆಲೆ ಸಿಗುವಂತೆ ಮಾಡಿದ್ದು ಅಳತೆ.

ಡೇರಿಯಿಂದ ಹೆದ್ದಾರಿಯ ಕಡೆ ನಡೆದರೆ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಹಿಂದೆ ನೇತಾಡುವ ಸೋಗೆ, ಧಾರವಾಡದ ಆಕಾಶವಾಣಿಯನ್ನೂ ಮುಳುಗಿಸುವ ಹಾಡು. ಕೃಷ್ಣೆಯ ನೀರು ಕುಡಿದ ನೆಲ ಇದು. ಕಬ್ಬು, ಅರಿಶಿಣ ಇಲ್ಲಿಯ ಬಾಳು. ಕಬ್ಬಿಗೂ ಅಳತೆ ಇದೆ. ಕಾಟಾದ ಮೇಲೆ ಗಾಡಿ ಹತ್ತುತ್ತದೆ, ಟನ್ನು ಬರೆದುಕೊಳ್ಳುತ್ತಾರೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ ₹355, ಅದೂ ಶೇಕಡಾ 10.25 ಸಕ್ಕರೆ ಇಳುವರಿಗೆ. ಆ ಮೇಲೆ ಪ್ರತಿ ಶೇಕಡಾ 0.1ಕ್ಕೆ ₹3.46 ಹೆಚ್ಚು. ಗಣುವಿನೊಳಗೆ ಸಕ್ಕರೆ ಎಷ್ಟಿದೆ ಎಂಬುದಕ್ಕೂ ಬೆಲೆ ಇದೆ.

ಆದರೆ ಡೇರಿಯ ಮುಂದೆ ಕಂಡ ನೆಮ್ಮದಿ ಕಾಟಾದ ಮುಂದೆ ಇಲ್ಲ. ರಸ್ತೆ ಬದಿಯ ಚಹಾದ ಅಂಗಡಿಯಲ್ಲಿ ಕೂತ ಹಿರಿಯರೊಬ್ಬರನ್ನು ಕೇಳಿದೆ.

“ಕಾಕಾ, ತೂಕ ಸರಿ ಬರತೈತೇನ್ರಿ?”

“ಕಾಟಾ ಅವರದು, ಚೀಟಿ ಅವರದು, ಇಳುವರಿ ಹೇಳಾವ್ರೂ ಅವರ. ನಮ್ಮದೇನೈತಿ ಹೇಳ? ಹೊರಗೊಂದು ಕಾಟಾ ಬೇಕು ಅಂತ ಎಷ್ಟ ವರ್ಷದಿಂದ ಕೇಳಾಕತ್ತೇವಿ.”

ಕಾಕಾನ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ಸಂಶಯ ಎಂದು ನಾನು ತೀರ್ಪು ಕೊಡಲಾರೆ. ಯಂತ್ರ ಇದ್ದ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ, ಅದು ಯಾರ ಅಂಗಳದಲ್ಲಿ ನಿಂತಿದೆ ಎಂಬುದೂ ಅಳತೆಯ ಭಾಗ. ಕುರಿಯ ಮಾತಿಗೆ ಬಂದಾಗ ಕಾಕಾ ಮತ್ತೆ ನೆನಪಾಗುತ್ತಾರೆ.

ತೇರದಾಳಕ್ಕೆ ಅಳತೆ ಹೊಸದಲ್ಲ. ಇಲ್ಲಿಯ ನೇಮಿನಾಥ ಬಸದಿಯನ್ನು ಮಂಡಲಿಕ ಗೊಂಕ ಕಟ್ಟಿಸಿದ್ದು ಕ್ರಿ.ಶ. 1123ರಲ್ಲಿ. ಶಾಸನದಲ್ಲಿ ಊರಿನ ಹೆಸರು ತೇರಿದಾಳ. ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದವರ ಹೆಸರೂ ಅಲ್ಲಿ ಬರುತ್ತದೆ. ಕನ್ನಡ ನಾಡಿನ ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಗೊತ್ತು, ಯಾವ ಕೋಲಿನಿಂದ ಅಳೆದ ನೆಲ, ಎಷ್ಟು ಸೊಲ್ಲಿಗೆ ಎಣ್ಣೆ, ಹೇರಿಗೆ ಎಷ್ಟು ಎಲೆ ಎಂದು ಹೇಳದೆ ದಾನ ಪೂರ್ತಿಯಾಗುತ್ತಿರಲಿಲ್ಲ. ಒಂಬೈನೂರು ವರ್ಷದ ಹಿಂದೆ ವೀಳ್ಯದೆಲೆಗೂ ಎಣಿಕೆ ಇದ್ದ ನಾಡಿನಲ್ಲಿ ಇವತ್ತಿಗೂ ತೂಗದೆ ಮಾರುವ ದೊಡ್ಡ ಸರಕು ಒಂದೇ. ಅದು ನಾಲ್ಕು ಕಾಲಿನ ಮೇಲೆ ನಡೆದು ಸಂತೆಗೆ ಬರುತ್ತದೆ.

ಮಾಂಸ ಮುಟ್ಟದ ಮನೆಗಳು ಈ ಊರಲ್ಲಿ ಬಹಳ. ಅವರ ನಡೆಯ ಬಗ್ಗೆ ನನಗೆ ಗೌರವವಿದೆ. ನಾನು ಬರೆಯುತ್ತಿರುವುದು ಕುರಿ ಕಾಯುವವನ ಕೂಲಿಯ ಬಗ್ಗೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿ, ಹತ್ತಿರಹತ್ತಿರ 62 ಲಕ್ಷ ಆಡು. ಕುರಿ ಲೆಕ್ಕದಲ್ಲಿ ತೆಲಂಗಾಣ, ಆಂಧ್ರದ ನಂತರ ನಾವೇ. ಇದೇ ಬಾಗಲಕೋಟೆ ಜಿಲ್ಲೆಯ ಅಮೀನಗಡ, ಕೆರೂರಿನ ಕುರಿ ಸಂತೆಗಳು ಹೆಸರುವಾಸಿ. ಇಷ್ಟೆಲ್ಲ ಕುರಿ ಕಣ್ಣಳತೆಯಲ್ಲಿ ಕೈ ಬದಲಾಯಿಸುತ್ತವೆ.

ಎಂಟು ಗಂಟೆಗೆ ಮಟನ್ ಅಂಗಡಿಗೆ ಹೋದೆ. ಎರಡು ಟಗರು ಕೊಕ್ಕೆಗೆ ನೇತಾಡುತ್ತಿದ್ದವು. ನೋಡಲಿಕ್ಕೆ ಒಂದೇ ಗಾತ್ರ. “ಎರಡೂ ಒಂದ ಅದಾವಲ್ರಿ?” ಎಂದೆ. ಅಂಗಡಿಯವರು ನಕ್ಕು, ಎಡಗಡೆಯದರ ಬೆನ್ನ ಹತ್ತಿರ, ಕಡೆಯ ಪಕ್ಕೆಲುಬಿನ ಮೇಲೆ ಹೆಬ್ಬೆರಳು ಒತ್ತಿದರು. “ಇಲ್ಲಿ ನೋಡ್ರಿ. ಇದರಾಗ ಕೊಬ್ಬು ಕೂತೈತಿ. ಅದರಾಗ ಬರೇ ಎಲುವು.” ನಾನೂ ಒತ್ತಿ ನೋಡಿದೆ. ಒಂದರಲ್ಲಿ ಬೆರಳು ಮೆತ್ತಗೆ ಇಳಿಯಿತು, ಇನ್ನೊಂದರಲ್ಲಿ ಎಲುಬಿಗೆ ತಾಗಿತು.

ಮೈ ಝುಮ್ಮೆಂದಿತು. ಆಸ್ಟ್ರೇಲಿಯಾದಲ್ಲಿ ಕುರಿಯ ಕೊಬ್ಬು ಅಳೆಯುವುದು ಸರಿಸುಮಾರು ಅದೇ ಜಾಗದಲ್ಲಿ. ಹನ್ನೆರಡನೆಯ ಪಕ್ಕೆಲುಬಿನ ಮೇಲೆ, ಬೆನ್ನಿನ ನಡುಗೆರೆಯಿಂದ 11 ಸೆಂಟಿಮೀಟರ್ ದೂರ, ಅದಕ್ಕೆ ಅವರು ಜಿಆರ್ ಸೈಟ್ ಎನ್ನುತ್ತಾರೆ. ಜೀವಂತ ಕುರಿಯ ನಡು ಮುಟ್ಟಿ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ನಮ್ಮ ಹಾಲುಮತದವರ ಕೈ ಅದನ್ನು ಪುಸ್ತಕ ಇಲ್ಲದೆ ಮಾಡುತ್ತ ಬಂದಿದೆ. ಜ್ಞಾನ ಎರಡೂ ಕಡೆ ಇದೆ. ಅಲ್ಲಿ ಅದು ಅಂಕಿಯಾಯಿತು. ಅಂಕಿಯಾದ್ದರಿಂದ ಕುರಿ ಸಾಕಿದವನಿಗೂ ತಿರುಗಿ ಮುಟ್ಟಿತು. ಇಲ್ಲಿ ಅದು ಕೊಳ್ಳುವವನ ಹೆಬ್ಬೆರಳಲ್ಲೇ ಉಳಿಯಿತು.

ಅಂಗಡಿಯವರು ಇನ್ನೊಂದು ಲೆಕ್ಕ ಹೇಳಿದರು. ಜೀವಂತ 40 ಕಿಲೋ ತೂಗುವ ಟಗರು ಕಡಿದ ಮೇಲೆ ಒಮ್ಮೆ 18 ಕಿಲೋ, ಒಮ್ಮೆ 19 ದಾಟುತ್ತದಂತೆ. ಶೇಕಡಾ 45ಕ್ಕೂ 48ಕ್ಕೂ ಇರುವ ವ್ಯತ್ಯಾಸ ಅದು. ಮಟನ್ ಕಿಲೋಗೆ ₹700 ಎಂದು ಹಿಡಿದರೂ ಒಂದು ಟಗರಿಗೆ ₹800ರ ಮೇಲಾಯಿತು. ಚೆನ್ನಾಗಿ ಮೇಯಿಸಿದವನ ₹800 ಅದು. ಅವನಿಗೆ ಅದು ಬರುವುದಿರಲಿ, ಅದು ಹುಟ್ಟಿದೆ ಎಂಬ ಸುದ್ದಿಯೂ ಬರುವುದಿಲ್ಲ.

ಹೊರದೇಶದಲ್ಲಿ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದ್ದಾರೆ. ನಮ್ಮ ಅಜ್ಜಿಯರ ಮೂಳೆ ಸವೆತ ನೋಡುವ ಡೆಕ್ಸಾ ಯಂತ್ರವಿದೆಯಲ್ಲ, ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆಯನ್ನೂ ಮೆತ್ತನೆಯ ಭಾಗವನ್ನೂ ಬೇರೆಬೇರೆ ಲೆಕ್ಕ ಹಾಕುವುದು, ಅದನ್ನೇ ಕಸಾಯಿಖಾನೆಯ ಸಾಲಿನಲ್ಲಿ ಕೂರಿಸಿದ್ದಾರೆ. ನೇತಾಡುತ್ತ ಹಾದುಹೋಗುವ ಒಂದೊಂದು ಕುರಿಯ ಮಾಂಸ, ಕೊಬ್ಬು, ಎಲುಬು ಎಷ್ಟೆಷ್ಟು ಎಂದು ಕ್ಷಣದಲ್ಲಿ ಬರೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ಪರ್ತ್ ನಗರದ ಮರ್ಡೋಕ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ 2016ರಿಂದ ಇದಕ್ಕೆಂದೇ ದೊಡ್ಡ ಸಂಶೋಧನಾ ಯೋಜನೆ ನಡೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿಯ ಸಾಕಣೆದಾರರ ಹಣದಿಂದ ನಡೆಯುವ ಮೀಟ್ ಅಂಡ್ ಲೈವ್‌ಸ್ಟಾಕ್ ಆಸ್ಟ್ರೇಲಿಯಾ ಸಂಸ್ಥೆ, ಸಾಲ ತೆಗೆದಾದರೂ 15 ಕೋಟಿ ಡಾಲರ್ ಹಾಕಿ ದೇಶದ ಸುಮಾರು 90 ಮಾಂಸ ಕಾರ್ಖಾನೆಗಳಲ್ಲಿ ಡೆಕ್ಸಾ ಕೂರಿಸುವ ಯೋಜನೆ ಮುಂದಿಟ್ಟಿತು.

ಅದು ಹಾಗೆಯೇ ಜಾರಿಯಾಗಲಿಲ್ಲ. ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಅಡ್ಡ ಬಂದದ್ದು ಬೇರೆ ಪ್ರಶ್ನೆಗಳು: ಹಣ ಯಾರು ಕೊಡಬೇಕು, ಅಂಕಿ ಯಾರ ಸ್ವತ್ತು, ಲಾಭ ಯಾರಿಗೆ. ಕಾರ್ಖಾನೆಯವರು ಒಂದು ಕಡೆ, ಸಾಕಣೆದಾರರು ಒಂದು ಕಡೆ ಎಳೆದರು. ಕೊನೆಗೆ ಬೇಕಾದ ಕಾರ್ಖಾನೆಗಳು ತಾವಾಗಿ ಹಾಕಿಕೊಳ್ಳುವ ದಾರಿ ಉಳಿಯಿತು. ಚಹಾದ ಅಂಗಡಿಯ ಕಾಕಾ ಕೇಳಿದ್ದೂ ಇದನ್ನೇ.

ಇಷ್ಟು ತಿಳಿದ ಮೇಲೆ ಊರಿನ ಪಶು ಆಸ್ಪತ್ರೆಗೆ ಹೋಗದೆ ಇರಲಾಗಲಿಲ್ಲ. ಅಲ್ಲಿ ದೊಡ್ಡ ಯಂತ್ರವೇನೂ ಇಲ್ಲ. ಡಾಕ್ಟರರ ಮೇಜಿನ ಮೇಲೆ ದರ್ಜಿಯವರ ಹತ್ತಿರ ಇರುವಂಥ ಒಂದು ಟೇಪು. “ಔಷಧ ಎಷ್ಟು ಕೊಡಬೇಕಂದ್ರ ತೂಕ ಬೇಕಲ್ರಿ. ತೂಗಾಕ ಎಲ್ಲಿ ಹೋಗೂನು?” ಎಂದು ಅವರು ಲೆಕ್ಕ ತೋರಿಸಿದರು. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪೃಷ್ಠದವರೆಗೆ ಮೈಯ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಶೇಫರ್ ಸೂತ್ರ ಎಂದು ಇದರ ಹೆಸರು. ಸುತ್ತಳತೆ 30, ಉದ್ದ 27 ಇದ್ದರೆ 81 ಪೌಂಡ್, ಅಂದರೆ 37 ಕಿಲೋಗೆ ಸ್ವಲ್ಪ ಕಡಿಮೆ. ಉಣ್ಣೆಯ ಮೇಲೆ ಟೇಪು ಸಡಿಲಾಗಿ 31 ಬಂತೆನ್ನಿ, ತೂಕ 39 ದಾಟುತ್ತದೆ. ಒಂದು ಇಂಚಿಗೆ ಎರಡೂವರೆ ಕಿಲೋ ತಪ್ಪು. ದನಕ್ಕೆ ಈ ಸೂತ್ರ ಸಾಕು ಅನ್ನಿಸಬಹುದು, ಉಣ್ಣೆ ಹೊತ್ತ ಸಣ್ಣ ಪ್ರಾಣಿಗೆ ಸಾಲದು.

ಟೇಪಿನ ಪಕ್ಕದಲ್ಲಿ ಅವರು ಇನ್ನೊಂದು ವಸ್ತುವನ್ನು ಕೊಂಡಾಡಿದರು, ಫಮಾಚಾ ಎಂಬ ಬಣ್ಣದ ಕಾರ್ಡು. ದಕ್ಷಿಣ ಆಫ್ರಿಕಾದ ಫಾಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನಿಂದ ಬಂದದ್ದು. ಕುರಿಯ ಕೆಳರೆಪ್ಪೆ ಬಿಡಿಸಿ ಒಳಬಣ್ಣವನ್ನು ಕಾರ್ಡಿನ ಐದು ಬಣ್ಣಗಳಿಗೆ ಹೋಲಿಸಬೇಕು. ಕೆಂಪಿದ್ದರೆ ಸುಖ, ಬಿಳಿಚಿದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು. “ಕಣ್ಣು ಬೆಳ್ಳಗ ಆಗೇತಿ” ಎಂದು ನಮ್ಮ ಕುರಿಗಾರರು ಹೇಳುವುದಕ್ಕೇ ಅಲ್ಲಿ ಅಂಕಿ ಕೊಟ್ಟಿದ್ದಾರೆ. ಔಷಧ ಹಿಂಡಿಗೆಲ್ಲ ಕುಡಿಸದೆ ಬೇಕಾದ ಕುರಿಗೆ ಮಾತ್ರ ಕುಡಿಸಬಹುದು. ಅಳತೆಯ ತಂತ್ರಜ್ಞಾನ ಎಂದರೆ ಕೋಟಿ ರೂಪಾಯಿಯ ಎಕ್ಸ್‌ರೇ ಎಂದೇ ಆಗಬೇಕಿಲ್ಲ. ಅಂಗಿಯ ಜೇಬಿನಲ್ಲಿ ಹಿಡಿಯುವ ಕಾರ್ಡೂ ಅದೇ.

ಅಳತೆ ಇಲ್ಲದ ಕೊರತೆ ಮಾರಾಟದಲ್ಲಷ್ಟೇ ಅಲ್ಲ. ಕುರಿ ಸತ್ತರೆ ಸರ್ಕಾರ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೊಡುತ್ತದೆ. ₹5,000 ಇದ್ದದ್ದನ್ನು 2025–26ರ ಬಜೆಟ್ಟಿನಲ್ಲಿ ₹7,500ಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ಆದರೆ ಆ ಲೆಕ್ಕಕ್ಕೆ ಬಡಕಲು ಕುರಿಯೂ ಒಂದೇ, ವರ್ಷವಿಡೀ ಜೋಪಾನ ಮಾಡಿದ ಬಿತ್ತನೆ ಟಗರೂ ಒಂದೇ. ತೂಕದ ದಾಖಲೆಯೇ ಇಲ್ಲದಾಗ ಸರ್ಕಾರವಾದರೂ ಬೇರೆ ಏನು ಮಾಡೀತು?

ಹಾಗಾದರೆ ಮುಂದಿನ ಹತ್ತು ವರ್ಷಕ್ಕೆ ಸಂಶೋಧನೆಯ ಹಣ ಎಲ್ಲಿಗೆ ಹೋಗಬೇಕು? ಹೈದರಾಬಾದಿನಲ್ಲಿ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯಿದೆ. ಬೀದರಿನಲ್ಲಿ ನಮ್ಮದೇ ಪಶು ವಿಶ್ವವಿದ್ಯಾಲಯವಿದೆ. ಬೆಂಗಳೂರಿನಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಇಲ್ಲಿಂದ ದೂರವೇನಲ್ಲದ ತಿಮ್ಮಾಪುರದಲ್ಲಿ ಬೀದರ್ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ನಾಯಿಯ ಎತ್ತರ, ಮೈಕಟ್ಟು, ವಂಶಾವಳಿ ನೋಡಿ ತಳಿ ಕಾಯುತ್ತಿದೆ. ಒಂದು ನಾಯಿಗೆ ಸಿಕ್ಕ ಈ ಅಕ್ಕರೆ ಅದೇ ಸೀಮೆಯ ಯಳಗ ಕುರಿಗೂ, ದಖನಿ ಕುರಿಗೂ ಸಿಗಬೇಕೆಂದು ಕೇಳುವುದು ತಪ್ಪಲ್ಲ. ಮಹಾರಾಷ್ಟ್ರದ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ದಖನಿ ಕುರಿಗೆ ಬಂಗಾಳದ ಗರೋಲ್ ಕುರಿಯ ಅವಳಿ ಮರಿ ಹಾಕುವ ಗುಣ ಸೇರಿಸಿ ನಾರಿ ಸುವರ್ಣ ತಳಿ ಮಾಡಿತು. ಯಾವ ತಾಯಿಗೆ ಎಷ್ಟು ಮರಿ, ಮರಿ ಎಷ್ಟು ತೂಗಿತು ಎಂದು ವರ್ಷಗಟ್ಟಲೆ ಬರೆದಿಟ್ಟದ್ದರಿಂದಲೇ ಅದು ಆದದ್ದು.

ಈಗ ಎಲ್ಲರ ಬಾಯಲ್ಲೂ ಒಂದು ಮಾತಿದೆ: ಮೊಬೈಲಿನಲ್ಲಿ ಕುರಿಯ ಫೋಟೊ ಹೊಡೆದರೆ ತೂಕ ಬರುತ್ತದೆ. ಬರಲಿ, ನನಗೂ ಬೇಕು. ಆದರೆ ಆ ಮೊಬೈಲಿಗೆ ಕಲಿಸುವವರು ಯಾರು? ತೂಗಿ ನೋಡಿದ ಸಾವಿರಾರು ಕುರಿಗಳ ಚಿತ್ರ ಕೊಟ್ಟರೆ ಮಾತ್ರ ಅದು ಕಲಿಯುತ್ತದೆ. ಪರದೇಶದ ಬಿಳಿ, ದುಂಡು ಕುರಿ ನೋಡಿ ಕಲಿತ ಯಂತ್ರಕ್ಕೆ ನಮ್ಮ ಕರಿ ಉಣ್ಣೆಯ, ಸಪೂರ ಹೊಟ್ಟೆಯ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವ ಕುರಿ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲ ರೂಪಾಯಿ ಹೋಗಬೇಕಾದದ್ದು ಬೇಸರದ ಕೆಲಸಕ್ಕೆ. ಹಿಂಡಿನಲ್ಲಿ ತೂಗುವುದು, ಟೇಪು ಹಿಡಿಯುವುದು, ಅದೇ ಕುರಿಯನ್ನು ಅಂಗಡಿಯ ಕೊಕ್ಕೆಯವರೆಗೆ ಹಿಂಬಾಲಿಸಿ ಮತ್ತೆ ತೂಗುವುದು. ಮೇಯಿಸಿದ ಮೇಲೆ ಎಷ್ಟು, ರಾತ್ರಿ ಉಪವಾಸದ ನಂತರ ಎಷ್ಟು ಎಂದು ಬೇರೆಬೇರೆ ಬರೆಯುವುದು, ಏಕೆಂದರೆ ಸಂತೆಯ ದಿನ ಹೊಟ್ಟೆ ತುಂಬ ನೀರು ಕುಡಿಸಿದ ಕುರಿ ತಕ್ಕಡಿಗೂ ಸುಳ್ಳು ಹೇಳುತ್ತದೆ. ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆ ಇದ್ದೇ ಇದೆ, ಅದರ ಎದುರು ತೂಕದ ಸಾಲು ಖಾಲಿ ಬಿಟ್ಟರೆ ಬಿಲ್ಲೆ ಬರೀ ಓಲೆ.

ಎರಡನೆಯ ರೂಪಾಯಿ ಸಂತೆಯ ಬಾಗಿಲಿಗೆ. ಕಂಬಿಯ ಪಂಜರವಿರುವ ತಕ್ಕಡಿ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ, ಕೊಳ್ಳುವವರೂ ಮಾರುವವರೂ ನೋಡುವಂಥ ದೊಡ್ಡ ಅಂಕಿ. ಮಾಂಸ ಬಹುಪಾಲು ಸಣ್ಣ ಅಂಗಡಿಯಲ್ಲೇ ತಯಾರಾಗುವ ನಮ್ಮಲ್ಲಿ ಕಾರ್ಖಾನೆಯ ಸಾಲಿಗೆಂದು ಮಾಡಿದ ಯಂತ್ರ ಕೂರಿಸಲು ಸಾಲೇ ಇಲ್ಲ. ಡೆಕ್ಸಾದಂಥದ್ದು ಒಂದೆರಡು ಸಂಶೋಧನಾ ಕೇಂದ್ರಗಳಲ್ಲಿ ಇರಲಿ, ಅಗ್ಗದ ಅಳತೆಗಳು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಅದು ಬೇಕು. ಆದರೆ ಅಂಕಿ ಮೊದಲು ಕುರಿಗಾರನ ಕೈಗೆ ಬರಬೇಕು. ಇದರಲ್ಲಿ ನಾನು ರಾಜಿಯಾಗಲಾರೆ.

ಸಂಜೆ ನಾಲ್ಕರ ಹೊತ್ತಿಗೆ ಊರಾಚೆಯ ಹೊಲಕ್ಕೆ ಹೋದೆ. ಕಬ್ಬು ಕಡಿದ ನೆಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಬೇವಿನ ಮರದ ಕೆಳಗೆ ಸಾಮಾನು ಹೊರುವ ಎರಡು ಕುದುರೆ, ಮಡಚಿದ ಕಂಬಳಿ, ಬುತ್ತಿಗಂಟು. ಐವತ್ತರ ಆಸುಪಾಸಿನ ಕುರಿಗಾರ, ಆತನ ಹೆಂಡತಿ, ಎಂಟನೆಯ ಇಯತ್ತೆ ಓದುವ ಮಗ. ದಲಾಲ ಆಗಲೇ ಬೈಕಿನಲ್ಲಿ ಬಂದು ಒಂದು ಟಗರಿನ ಮೇಲೆ ಕಣ್ಣಿಟ್ಟಿದ್ದ. ತುಟಿ ಸರಿಸಿ ಹಲ್ಲು ನೋಡಿದ, ಎರಡು ಹಲ್ಲಿನದು. ನಡು ಹಿಡಿದ, ಬಾಲದ ಬುಡ ಹಿಡಿದ. ಟವೆಲ್ಲಿನ ಕೆಳಗೆ ಕೈಗಳು ಸೇರಿದವು, ಬೆರಳು ಮಾತಾಡಿದವು, ಕೈ ಬಿಟ್ಟವು. ಬೆಲೆ ಕೂಡಲಿಲ್ಲ, ತಕರಾರು ತೂಕದ್ದು.

“ಮೂವತ್ತೆರಡರ ಮ್ಯಾಲ ಬರಂಗಿಲ್ಲೋ ಮಾವಾ.”

“ಮೂವತ್ತೆಂಟಕ್ಕ ಕಡಿಮಿ ಇದ್ರ ಪುಕ್ಕಟ ಒಯ್ಯ.”

ನನ್ನ ಚೀಲದಲ್ಲಿ ಒಂದು ಟೇಪು, ನೇತುಹಾಕುವ ಒಂದು ಡಿಜಿಟಲ್ ತಕ್ಕಡಿ ಇದ್ದವು. ಟೇಪು 30, 27 ಎಂದಿತು, ಬೆಳಿಗ್ಗೆ ಡಾಕ್ಟರರು ಹೇಳಿದ ಲೆಕ್ಕವೇ. ಗೋಣಿಚೀಲದ ಎರಡು ಬದಿ ಸೀಳಿ ಟಗರಿನ ಹೊಟ್ಟೆಯ ಕೆಳಗೆ ಹಾಯಿಸಿ ಬೇವಿನ ಕೊಂಬೆಗೆ ಕಟ್ಟಿದೆವು. ಅದು ಒಮ್ಮೆ ಒದರಿ ಕಾಲು ಕೊಡವಿ ಸುಮ್ಮನಾಯಿತು. ಅಂಕಿ ಓಡಾಡಿ ನಿಂತಿತು. 35.4.

ದಲಾಲ ಬಗ್ಗಿ ನೋಡಿದ, ಕುರಿಗಾರ ಬಗ್ಗಿ ನೋಡಿದ. ಇಬ್ಬರೂ ಮೂರು ಕಿಲೋದಷ್ಟು ತಪ್ಪಿದ್ದರು, ಒಬ್ಬ ಕೆಳಗೆ, ಒಬ್ಬ ಮೇಲೆ. ಟೇಪೂ ಒಂದು ಕಿಲೋ ಮೇಲೆ ತಪ್ಪಿತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ವ್ಯಾಪಾರ ಐದು ನಿಮಿಷದಲ್ಲಿ ಮುಗಿಯಿತು, ಟವೆಲ್ ಇಲ್ಲದೆ, ಬಾಯಿಮಾತಿನಲ್ಲೇ. ಸಂಚಕಾರ ಕೊಟ್ಟು ದಲಾಲ ಹೋದ.

ನಾನು ತಕ್ಕಡಿ ಬಿಚ್ಚಲು ಹೋದೆ. “ತಡಿರಿ ಸಾಹೇಬ್ರ” ಎಂದಳು ಕುರಿಗಾರನ ಹೆಂಡತಿ. ಆಕೆ ಆ ತನಕ ಒಂದು ಮಾತಾಡಿರಲಿಲ್ಲ. ಮರಿ ಕೂಡಿದ ಬಲೆಯೊಳಗೆ ಹೋಗಿ ಎರಡು ಮರಿ ಎತ್ತಿಕೊಂಡು ಬಂದಳು. ಎರಡೂ ದೀಪಾವಳಿ ಮುಂದೆ ಒಂದೇ ವಾರದಲ್ಲಿ ಹುಟ್ಟಿದವಂತೆ. ಒಂದರ ತಾಯಿ ಕೆಂಚಿ, ಇನ್ನೊಂದರದು ಚುಕ್ಕಿ.

“ಇವು ಮಾರಾಕಲ್ರಿ. ಯಾರ ಹಾಲು ಹೆಚ್ಚು ಐತಿ ನೋಡೂನು.”

ಮಗ ಶಾಲೆಯ ನೋಟುಬುಕ್ಕಿನ ಹಿಂದಿನ ಹಾಳೆ ತೆಗೆದ. ಕೆಂಚಿ ಮರಿ 14.6. ಚುಕ್ಕಿ ಮರಿ 11.9. ಆಕೆ ಎರಡು ಅಂಕಿಯನ್ನೂ ಮಗನ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡಳು. ಮತ್ತೆ ಬಲೆಯೊಳಗೆ ಹೋಗಿ ಇನ್ನೆರಡು ತಂದಳು. ಹೊತ್ತು ಮುಳುಗಿ ತಕ್ಕಡಿಯ ಅಂಕಿ ಮಾತ್ರ ಹೊಳೆಯುವವರೆಗೆ ತೂಗಿದೆವು. ಹದಿನೇಳು ಮರಿಗಳಾದವು. ಹಾಳೆಯಲ್ಲಿ ಮಗ ಅಂಕಿಯ ಮುಂದೆ ಆ ದಿನದ ತಾರೀಖು ಬರೆದು, ಅದರ ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಕಂಬ ಎಳೆದು ಖಾಲಿ ಬಿಟ್ಟ. “ಮುಂದಿನ ತಿಂಗಳಿಗೆ” ಎಂದ. ತಕ್ಕಡಿಯನ್ನು ಅಲ್ಲಿಯೇ ಕೊಂಬೆಗೆ ಬಿಟ್ಟು ಬಂದೆ.